ತಿಂಗಳ ಶಿಬಿರದಲ್ಲಿ ಪೈಲ್ವಾನರಾಗುವುದಿಲ್ಲ

ಮಾನ್ಯ ಸಂಪಾದಕರೇ,

ಬೇಸಿಗೆ ರಜೆ ಬಂತೆಂದರೆ ಗಂಗಾವತಿ, ಸಿಂಧನೂರು, ಕೊಪ್ಪಳದ ಕಡೆ ‘ಒಂದೇ ತಿಂಗಳಲ್ಲಿ ಕುಸ್ತಿ, ದೊಣ್ಣೆವರಸೆ’ ಎಂಬ ಜಾಹೀರಾತುಗಳು ಶುರುವಾಗುತ್ತವೆ. ಮಕ್ಕಳು ಮೊಬೈಲ್ ಬಿಟ್ಟು ಮೈ ಬಗ್ಗಿಸಿದರೆ ಬೇಡ ಅನ್ನುವವರು ಯಾರು? ಆದರೆ ಶಿಬಿರದ ಪ್ರಮಾಣಪತ್ರ ನಂಬಿ ಹುಡುಗನನ್ನು ಜಾತ್ರೆಯ ಕಣಕ್ಕೆ ಇಳಿಸುವುದು ಅಪಾಯ.

ತಾಲೀಮಿನಿಂದ ಮಾಂಸಖಂಡ ಕೆಲವೇ ವಾರಗಳಲ್ಲಿ ಬಲಿಯುತ್ತದೆ. ಅದನ್ನು ಎಲುಬಿಗೆ ಬಿಗಿದಿರುವ ರಜ್ಜುಗಳಿಗೆ ರಕ್ತ ಸಂಚಾರ ಕಡಿಮೆ; ಅವು ಗಟ್ಟಿಯಾಗಲು ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಬೇಕು. ತೋಳಿಗೆ ಬಲ ಬಂತೆಂದು ಭಾರ ಎತ್ತಿಸಿದರೆ ಹೆಗಲು, ಮೊಣಕಾಲು ಕೈಕೊಡುತ್ತವೆ. ಗರಡಿಯಲ್ಲಿ ಹೊಸಬರ ಕೈಗೆ ಮೊದಲು ಗುದ್ದಲಿ ಕೊಡುವುದು ಸುಮ್ಮನೆ ಅಲ್ಲ. ಜರಡಿ ಹಿಡಿದ ಕೆಮ್ಮಣ್ಣಿಗೆ ಅರಿಶಿನ, ಎಣ್ಣೆ, ಮಜ್ಜಿಗೆ, ನಿಂಬೆರಸ ಬೆರೆಸಿದ ಕಣವನ್ನು ದಿನಾ ಬೆಳಗ್ಗೆ ಅಗೆದು ಸಡಿಲ ಮಾಡಬೇಕು. ಅಗೆಯುವವನ ಬೆನ್ನು, ಹಿಡಿತ ಗಟ್ಟಿಯಾಗುತ್ತವೆ. ಅಗೆಯದೆ ಬಿಟ್ಟ ಮಣ್ಣು ಗಡುಸಾಗಿ, ಬಿದ್ದವನ ಕಾಲರ್ ಬೋನ್ ಮುರಿಯುತ್ತದೆ. ಜೊತೆಗೆ ದಂಡ, ಬಸ್ಕಿ. ದಂಡ ಹೊಡೆಯುವಾಗ ಎದೆ ಎರಡೂ ಅಂಗೈಗಳ ನಡುವೆ ಹಾದು ಮೇಲೇಳಬೇಕು. ಲೆಕ್ಕ ಹೆಚ್ಚಿಸುವ ಆತುರದಲ್ಲಿ ನಡು ಜೋತುಬಿಟ್ಟರೆ ನೋವು ಅಂಟಿಕೊಳ್ಳುತ್ತದೆ. ನೂರು ಕೆಟ್ಟ ದಂಡಕ್ಕಿಂತ ಇಪ್ಪತ್ತು ನೆಟ್ಟಗಿನವು ಸಾಕು.

ಇನ್ನು ಡಾವು, ಅಂದರೆ ಎದುರಾಳಿಯನ್ನು ಕೆಡವುವ ಪಟ್ಟು. ಕಲಾಜಂಗ್ ಒಂದನ್ನೇ ನೋಡಿ. ಎದುರಾಳಿಯ ತೋಳು ಹಿಡಿದು ಎಳೆಯಬೇಕು, ಅವನ ಭಾರ ಮುಂದಕ್ಕೆ ವಾಲಿದ ಕ್ಷಣವೇ ಮೊಣಕಾಲು ಮಡಿಸಿ ಅವನ ಕಂಕುಳಡಿ ನುಗ್ಗಬೇಕು, ಇನ್ನೊಂದು ಕೈ ತೊಡೆ ಸಂದಿಯಲ್ಲಿ ತೂರಿಸಿ ಹೆಗಲ ಮೇಲೆ ಹೊತ್ತು ಉರುಳಿಸಬೇಕು. ಸುಮ್ಮನೆ ನಿಂತ ಜೊತೆಗಾರನ ಮೇಲೆ ಇದನ್ನು ಹತ್ತು ದಿನದಲ್ಲಿ ಕಲಿಯಬಹುದು. ನಿಜವಾದ ಜೋಡಿ ಸುಮ್ಮನೆ ನಿಲ್ಲುವುದಿಲ್ಲ. ಎಳೆತ ಸಾಲದೆ ಅವನ ಭಾರ ಹಿಮ್ಮಡಿಯಲ್ಲೇ ಉಳಿದಿದ್ದಾಗ ನುಗ್ಗಿದರೆ, ಅವನು ಕಾಲು ಹಿಂದೆ ಚಾಚಿ ನಿಮ್ಮ ಕುತ್ತಿಗೆಯ ಮೇಲೇ ಬೀಳುತ್ತಾನೆ. ಮೊಣಕಾಲಿನ ಬದಲು ಬೆನ್ನು ಬಗ್ಗಿಸಿ ಎತ್ತಿದರೆ ಸೊಂಟ ಹಿಡಿಯುತ್ತದೆ. ಭಾರ ಯಾವಾಗ ವಾಲಿತು ಎಂಬುದು ಕಣ್ಣಿಗೆ ಕಾಣುವಷ್ಟರಲ್ಲಿ ತಡವಾಗಿರುತ್ತದೆ, ಅದು ಅಂಗೈಗೆ ತಿಳಿಯಬೇಕು. ಕುಳ್ಳ, ಎತ್ತರದವ, ಎಡಗೈಯವ, ಬೆವರಿ ಜಾರುವವ, ಹೀಗೆ ಬಗೆಬಗೆಯ ಜೋಡಿಗಳೊಂದಿಗೆ ಸೆಣಸದೆ ಆ ಸ್ಪರ್ಶಜ್ಞಾನ ಬರುವುದಿಲ್ಲ. ವರ್ಷಗಳು ಹೋಗುವುದು ಇಲ್ಲಿ. ಡಾವಿನ ಹೆಸರು ಬಾಯಿಪಾಠ ಮಾಡುವುದಕ್ಕೆ ಒಂದು ಸಂಜೆ ಸಾಕು.

ನಮ್ಮ ಆನೆಗೊಂದಿಯ ಎದುರು ದಂಡೆಯಲ್ಲೇ, ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಕೃಷ್ಣದೇವರಾಯನ ದಿನಚರಿ ಬರೆದಿಟ್ಟಿದ್ದಾನೆ: ನಸುಕಿಗೂ ಮೊದಲು ಎಳ್ಳೆಣ್ಣೆ ಕುಡಿದು, ಮೈಗೆ ಹಚ್ಚಿಸಿಕೊಂಡು, ಮಣ್ಣಿನ ಭಾರ ಎತ್ತಿ, ಕತ್ತಿ ತಿರುಗಿಸಿ, ಜಟ್ಟಿಯೊಡನೆ ಸೆಣಸಿ, ಆಮೇಲೆ ಕುದುರೆ ಸವಾರಿ. ಅದು ದಿನವೂ ನಡೆಯುತ್ತಿತ್ತು. ರಾಜನಿಗೂ ರಿಯಾಯಿತಿ ಇರಲಿಲ್ಲ.

ಅಂದಹಾಗೆ, ನಮ್ಮ ಏಪ್ರಿಲ್–ಮೇ ಬಿಸಿಲು ಕಠಿಣ ತಾಲೀಮಿಗೆ ಹೇಳಿ ಮಾಡಿಸಿದ್ದಲ್ಲ. ಅನುಭವಿ ವಸ್ತಾದರು (ಗರಡಿಯ ಗುರುಗಳು) ಆ ದಿನಗಳಲ್ಲಿ ಬೆಳಕು ಹರಿಯುವ ಮೊದಲೇ ಕೆಲಸ ಮುಗಿಸಿ, ತಾಲೀಮಿನ ಭಾರ ಇಳಿಸುತ್ತಾರೆ. ಶಿಬಿರಗಳು ಮಾಡುವುದು ಇದರ ತದ್ವಿರುದ್ಧ.

ಹಣ ಕಟ್ಟುವ ಮುನ್ನ ಪಾಲಕರು ಕೇಳಬೇಕಾದದ್ದು: ಮೊದಲು ಬೀಳುವುದನ್ನು ಕಲಿಸುತ್ತಾರೆಯೇ? ತೂಕ ನೋಡಿ ಜೋಡಿ ಹಾಕುತ್ತಾರೆಯೇ? ಕಿವಿ ಊದಿದರೆ ತಕ್ಷಣ ವೈದ್ಯರ ಬಳಿ ಕಳಿಸುತ್ತಾರೆಯೇ? (ಒಳಗೆ ನಿಂತ ರಕ್ತವನ್ನು ಬೇಗ ತೆಗೆಸದಿದ್ದರೆ ಕಿವಿ ಶಾಶ್ವತವಾಗಿ ಮುದುಡುತ್ತದೆ.) ಸ್ಥಳೀಯ ಸಂಸ್ಥೆಗಳಿಗೂ ಒಂದು ಬೇಡಿಕೆ. ಶಿಬಿರದ ಉದ್ಘಾಟನೆಗೆ ಸುರಿಯುವ ಹಣದಲ್ಲಿ ಹಳೆಯ ಗರಡಿಗಳಿಗೆ ಒಂದೆರಡು ಟ್ರ್ಯಾಕ್ಟರ್ ಹೊಸ ಮಣ್ಣು, ಮಳೆ ಸೋರದ ಚಾವಣಿ, ವಸ್ತಾದರಿಗೆ ವರ್ಷವಿಡೀ ಗೌರವಧನ ಕೊಡಲಿ.

– ಗರಡಿ ಮನೆಯ ಹಿರಿಯರು, ಗಂಗಾವತಿ