ಟರ್ಬೊ ಸದ್ದಿಗೆ ಮೊದಲು ಪೈಪ್ ನೋಡಿ

ಮಾನ್ಯರೇ,

ಬದಿಯಡ್ಕದಿಂದ ಕಾಸರಗೋಡಿಗೆ ದಿನಾ ಅಡಿಕೆ ಹೇರಿಕೊಂಡು ಹೋಗುವ ನನ್ನ ಡೀಸೆಲ್ ಪಿಕಪ್ ಚಡಾವಿನಲ್ಲಿ ಜೋರಾಗಿ ಶಿಳ್ಳೆ ಹಾಕುತ್ತಿತ್ತು, ಆಕ್ಸಿಲರೇಟರ್ ಬಿಟ್ಟ ಮೇಲೂ ಒಂದು ಕ್ಷಣ 'ಸುಂಯ್' ಅನ್ನುತ್ತಿತ್ತು. ಒಂದು ಗ್ಯಾರೇಜಿನಲ್ಲಿ ಟರ್ಬೊನೇ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಭಾಗ) ಬದಲಿಸಬೇಕು ಎಂದರು. ಇನ್ನೊಬ್ಬ ಮೆಕ್ಯಾನಿಕ್, ಟರ್ಬೊದಿಂದ ಬರುವ ಬಿಸಿ ಗಾಳಿ ತಣಿಸುವ ಇಂಟರ್‌ಕೂಲರಿನ ರಬ್ಬರ್ ಪೈಪ್ ಬಗ್ಗಿಸಿ ತೋರಿಸಿದರು. ಕ್ಲಿಪ್ಪಿನ ಪಕ್ಕ ಉಗುರಿನಷ್ಟು ಸೀಳು, ಸುತ್ತಲೂ ಎಣ್ಣೆಯ ಕಪ್ಪು ಕಲೆ. ಪೈಪ್ ಹೊಸದು ಹಾಕಿದ ಮೇಲೆ ಶಿಳ್ಳೆ ನಿಂತಿತು.

ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಸಣ್ಣ ಸದ್ದು ಸಹಜ. ನಿಮಿಷಕ್ಕೆ 1 ಲಕ್ಷಕ್ಕೂ ಜಾಸ್ತಿ ಸುತ್ತಬಲ್ಲ ಟರ್ಬೊ, ಡೀಸೆಲ್ ಕಡಿಮೆಯಾದ ಕೂಡಲೇ ನಿಲ್ಲುವುದಿಲ್ಲ. ಆದರೆ ಸದ್ದು ದಿನೇ ದಿನೇ ಏರಿದರೆ, ಎಳೆತ ಕಡಿಮೆಯಾಗಿ ಕಪ್ಪು ಹೊಗೆ ಬಂದರೆ ಸುಮ್ನೆ ಬಿಡಬೇಡಿ. ಗ್ಯಾರೇಜಿನವರೂ ದೊಡ್ಡ ಬಿಲ್ ಹೇಳುವ ಮೊದಲು ಪೈಪು, ಕ್ಲಿಪ್ಪು ನೋಡಬೇಕು ಅಲ್ವಾ?

– ಪಿಕಪ್ ಚಾಲಕ, ಬದಿಯಡ್ಕ