ಧೈರ್ಯ ಯಾರಿಗೆ ಜಾಸ್ತಿ?

ಗೆಳೆಯರೇ, ಕಾದಾಡುವವರಷ್ಟು ಧೈರ್ಯ ಬೇರೆ ಯಾರಿಗೂ ಇಲ್ಲ ಅಂತ ನಿನ್ನೆ ಗುಂಪಿನಲ್ಲಿ ಮಾತು ಬಂತು. ನಾನು ಒಪ್ಪುವುದಿಲ್ಲ.

ವಿಜಯದಶಮಿ ದಿನ ಮೈಸೂರು ಅರಮನೆಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗವನ್ನೇ ನೋಡಿ. ತಲೆ ಬೋಳಿಸಿಕೊಂಡು, ಮುಷ್ಟಿಯಲ್ಲಿ ಮೊನಚಾದ ಆಯುಧ ಹಿಡಿದು ಎದುರುಬದುರು ನಿಲ್ಲುವ ಜೆಟ್ಟಿಗಳದ್ದು, ಅಂದರೆ ಆ ಪೈಲ್ವಾನರದ್ದು, ದೊಡ್ಡ ಎದೆಗಾರಿಕೆ. ಆದರೆ ಒಬ್ಬರ ತಲೆಯಿಂದ ರಕ್ತ ಚಿಮ್ಮಿದ ಕೂಡಲೇ ಕಾಳಗ ನಿಲ್ಲುತ್ತದೆ. ಬಾಕ್ಸಿಂಗ್‌ನಲ್ಲೂ ತಡೆಯಲು ರೆಫರಿ ಇರುತ್ತಾರೆ, ಪಕ್ಕದಲ್ಲೇ ಡಾಕ್ಟರ್ ಇರುತ್ತಾರೆ.

ಮ್ಯಾನ್‌ಹೋಲ್‌ಗೆ ಇಳಿಯುವವರಿಗೆ ಯಾರಿದ್ದಾರೆ? ಒಳಗಿನ ವಿಷಗಾಳಿ ಕಣ್ಣಿಗೆ ಕಾಣುವುದಿಲ್ಲ. ರಕ್ಷಣಾ ಸಾಧನವಿಲ್ಲದೆ ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ, ಆದರೂ ಸಾವು ನಿಂತಿಲ್ಲ. ಅವರು ಇಳಿಯುವುದು ಹೊಟ್ಟೆಪಾಡಿಗೆ. ಚಪ್ಪಾಳೆಯೂ ಇಲ್ಲ. ಮಳೆಯಲ್ಲಿ ಕಂಬ ಹತ್ತುವ ಲೈನ್‌ಮನ್ ಕಥೆಯೂ ಇದೇ ಅಲ್ವಾ?

ದಯವಿಟ್ಟು ಇವರನ್ನು ಕಡೆಗಣಿಸಿ ಬರೆಯಬೇಡಿ.