ಮಕ್ಕಳಿಗೆ ಮನೆಯಲ್ಲೇ ಕಲಿಸಹೊರಟ ಮಗಳಿಗೆ ದೊಡ್ಡವ್ವನ ಪತ್ರ

ಧಾರವಾಡ

ಪ್ರೀತಿಯ ಮಗಳೇ,

ಕರ್ತನ ನಾಮದಲ್ಲಿ ನಿನಗೂ ಅಳಿಯಂದಿರಿಗೂ ಮಕ್ಕಳಿಬ್ಬರಿಗೂ ದೊಡ್ಡವ್ವನ ಆಶೀರ್ವಾದಗಳು.

ನಿನ್ನ ಕಾಗದ ಕೈಸೇರಿ ಮೂರು ವಾರವಾಯಿತು. ಬರುವ ಜೂನ್‌ನಿಂದ ಇಬ್ಬರೂ ಮಕ್ಕಳನ್ನು ಶಾಲೆಯಿಂದ ಬಿಡಿಸಿ ಮನೆಯಲ್ಲಿಯೇ ಕಲಿಸುವುದೆಂದು ಗಂಡಹೆಂಡಿರು ಪ್ರಾರ್ಥಿಸಿ ತೀರ್ಮಾನಿಸಿದ್ದೀರೆಂದು ಬರೆದು, ಕೊನೆಗೆ ‘ನಿನ್ನ ಒಪ್ಪಿಗೆ ಬೇಕು’ ಎಂದಿದ್ದೀ. ತೀರ್ಮಾನವಾದ ಮೇಲೆ ಕೇಳುವ ಒಪ್ಪಿಗೆ ಮದುವೆಯಾದ ಮೇಲೆ ಕೊಡುವ ಲಗ್ನಪತ್ರಿಕೆಯ ಹಾಗೆ. ಆದ್ದರಿಂದ ಅದರ ಗೊಡವೆಗೆ ಹೋಗದೆ, ಮೂವತ್ತನಾಲ್ಕು ವರ್ಷ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಸೀಮೆಸುಣ್ಣ ಹಿಡಿದವಳಾಗಿ ನನಗೆ ಗೊತ್ತಿರುವುದನ್ನಷ್ಟೇ ಬರೆಯುತ್ತೇನೆ.

ಓದಿದಾಗ ಮನಸ್ಸಿಗೆ ಸ್ವಲ್ಪ ಕಸಿವಿಸಿಯಾದದ್ದು ನಿಜ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ, 1837ರಲ್ಲಿ ನಮ್ಮ ಧಾರವಾಡಕ್ಕೆ ಬಂದು, ಹೋದಲ್ಲೆಲ್ಲ ಶಾಲೆ ತೆರೆದರು. ನಿನ್ನ ಮುತ್ತಜ್ಜನ ಕೈಗೆ ಪಾಟಿ ಬಂದದ್ದು ಅಂಥ ಒಂದು ಶಾಲೆಯಿಂದ. ಶಾಲೆಯ ಬಾಗಿಲು ನಮಗೆ ತೆರೆದದ್ದರಿಂದಲೇ ಮನುಷ್ಯರಾದೆವೆಂದು ನಂಬಿದ ಮನೆತನದಲ್ಲಿ ಒಬ್ಬಳು ಆ ಬಾಗಿಲನ್ನು ತಾನಾಗಿ ಮುಚ್ಚುತ್ತಿದ್ದಾಳಲ್ಲ ಎನ್ನಿಸಿತು. ಆಮೇಲೆ ಲೋವಿ, ಯೂನಿಕೆಯರ ನೆನಪಾಯಿತು. ಪೌಲನು ತಿಮೊಥೆಯನಿಗೆ ಬರೆಯುವಾಗ ಅವನ ನಂಬಿಕೆ ಮೊದಲು ಅಜ್ಜಿಯಲ್ಲಿಯೂ ಆಮೇಲೆ ತಾಯಿಯಲ್ಲಿಯೂ ಇತ್ತೆಂದು ಹೆಸರು ಹಿಡಿದು ಹೇಳುತ್ತಾನಲ್ಲವೇ? ಮನೆಯಲ್ಲಿ ಕಲಿಸುವುದು ನಮಗೆ ಹೊಸದೇನಲ್ಲ. ಮನೆಯಲ್ಲಿ ಮಾತ್ರ ಕಲಿಸುವುದು ಹೊಸದು. ನನ್ನ ಚಿಂತೆಯೆಲ್ಲ ಆ ‘ಮಾತ್ರ’ದ ಬಗ್ಗೆ.

ಮೊದಲು ಕಾನೂನಿನ ವಿಷಯ. ‘ಮನೆಶಿಕ್ಷಣಕ್ಕೆ ಕಾನೂನಿನ ಅಡ್ಡಿ ಏನೂ ಇಲ್ಲ’ ಎಂದು ನಿನ್ನ ಗೆಳತಿ ಹೇಳಿದಳೆಂದು ಬರೆದಿದ್ದೀ. ಅದು ಅಷ್ಟು ಸರಳವಾಗಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ; 6ರಿಂದ 14 ವರ್ಷದ ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ತಂದೆತಾಯಿಯ ಕರ್ತವ್ಯವೆಂದು ಅದರ ಹತ್ತನೆಯ ಕಲಮು ಹೇಳುತ್ತದೆ. ಸೇರಿಸದ ತಂದೆತಾಯಿಗೆ ದಂಡವನ್ನು ಆ ಕಾಯ್ದೆ ವಿಧಿಸಿಲ್ಲ, ಮನೆಶಿಕ್ಷಣದ ಹೆಸರನ್ನೂ ಅದು ಎತ್ತುವುದಿಲ್ಲ. ಈ ಮೌನದ ನಡುವೆಯೇ ನಮ್ಮ ದೇಶದ ಮನೆಶಿಕ್ಷಣ ಕುಟುಂಬಗಳು ಬದುಕುತ್ತಿವೆ. ಶಾಲೆಯಿಂದ ಹೊರಗುಳಿದ ಮಕ್ಕಳ ಸಮೀಕ್ಷೆಗೆಂದು ನಾನೇ ಬಿಸಿಲಲ್ಲಿ ಮನೆಮನೆ ತಿರುಗಿದವಳು. ಅಂಥ ಒಬ್ಬ ಶಿಕ್ಷಕಿ ನಿನ್ನ ಬಾಗಿಲಿಗೆ ಬಂದರೆ ವಾದಕ್ಕೆ ನಿಲ್ಲದೆ ಒಳಗೆ ಕರೆದು ನೀರು ಕೊಟ್ಟು, ಮಕ್ಕಳ ನೋಟುಪುಸ್ತಕಗಳನ್ನು ತೋರಿಸು. ತೋರಿಸಲು ನೋಟುಪುಸ್ತಕಗಳು ಇರಬೇಕು, ಅಷ್ಟೆ. ದಿನಾಂಕ ಹಾಕಿದ ದಿನಚರಿ, ತಿಂಗಳಿಗೆ ಒಂದೆರಡು ಬರಹದ ಮಾದರಿ, ಓದಿದ ಪುಸ್ತಕಗಳ ಪಟ್ಟಿ, ಇವನ್ನು ವರ್ಷಕ್ಕೊಂದು ಫೈಲಿನಲ್ಲಿ ಇಡು.

ಶಾಲೆ ಬಿಡಿಸುವಾಗ ವರ್ಗಾವಣೆ ಪತ್ರವನ್ನು ತಪ್ಪದೆ ತೆಗೆದುಕೋ. ನಿನ್ನ ಮನಸ್ಸು ಬದಲಾದರೆ, ಅಥವಾ ಮಗುವೇ ಬದಲಾಯಿಸಿದರೆ, ಅದೇ ಕಾಯ್ದೆಯ ನಾಲ್ಕನೆಯ ಕಲಮಿನ ಪ್ರಕಾರ ಪ್ರಾಥಮಿಕ ಶಿಕ್ಷಣ ಮುಗಿಸದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು. ಮರಳಿ ಹೋಗುವ ದಾರಿ ಇದ್ದೇ ಇದೆ. ಹತ್ತನೆಯ ತರಗತಿಗೆ ಜನ ಎನ್‌ಐಒಎಸ್ ಎನ್ನುವ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ ಇದೆ. 1989ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಮಂಡಳಿ ಅದು. 14 ತುಂಬಿದವರು ಸೇರಬಹುದು, ಭಾಷೆಯೂ ಸೇರಿ ಐದು ವಿಷಯ, ವರ್ಷಕ್ಕೆ ಎರಡು ಸಲ ಪರೀಕ್ಷೆ, ಐದು ವರ್ಷದೊಳಗೆ ಒಂಬತ್ತು ಅವಕಾಶ. ಒಂದೊಂದೇ ವಿಷಯ ಮುಗಿಸುತ್ತ ಹೋಗಲೂಬಹುದು.

ಆದರೆ ನಿಮ್ಮ ಮನೆಶಿಕ್ಷಣದ ಗುಂಪಿನಲ್ಲಿ ಯಾರೂ ನಿನಗೆ ಹೇಳಿರಲಿಕ್ಕಿಲ್ಲ ಎನ್ನಿಸುವ ಒಂದು ಮಾತು ಇದೆ. ವೃತ್ತಿಶಿಕ್ಷಣಕ್ಕೆ ನಮ್ಮ ರಾಜ್ಯ ನಡೆಸುವ ಪ್ರವೇಶ ಪರೀಕ್ಷೆಯಾದ ಸಿಇಟಿಯಲ್ಲಿ ಸರ್ಕಾರಿ ಸೀಟಿಗೆ ಮುಖ್ಯ ಅರ್ಹತೆಯೆಂದರೆ ಒಂದರಿಂದ ಹನ್ನೆರಡನೆಯ ತರಗತಿಯೊಳಗೆ ಏಳು ವರ್ಷ ಕರ್ನಾಟಕದ ಅಂಗೀಕೃತ ಸಂಸ್ಥೆಯಲ್ಲಿ ಓದಿರುವುದು. ಮನೆಯಲ್ಲಿ ಓದಿದ ವರ್ಷಗಳಿಗೆ ವ್ಯಾಸಂಗ ಪ್ರಮಾಣಪತ್ರ ಬರೆದುಕೊಡುವವರು ಯಾರು? ತಂದೆ ಅಥವಾ ತಾಯಿಯ ಓದಿನ ಆಧಾರದ ಮೇಲೆ ಅರ್ಹತೆ ಕೊಡುವ ಬೇರೆ ಕಲಮೂ ಇದೆ. ಅದಕ್ಕೆ ನಿನ್ನ ವ್ಯಾಸಂಗ ಪ್ರಮಾಣಪತ್ರಗಳು ಬೇಕಾಗುತ್ತವೆ. ನೀನು ಓದಿದ ಶಾಲೆ ಇನ್ನೂ ಇರುವಾಗಲೇ, ಅಲ್ಲಿಯ ಗುಮಾಸ್ತರು ನಿವೃತ್ತರಾಗುವ ಮೊದಲೇ, ಧಾರವಾಡಕ್ಕೆ ಬಂದು ಅವನ್ನು ತೆಗೆಸಿಟ್ಟುಕೋ. ಮಗ ಒಂಬತ್ತರವನು, ಈಗಲೇ ಯಾಕೆ ಎನ್ನಬೇಡ. ನಿಯಮಗಳು ಬದಲಾಗುವುದರಿಂದ ಪರೀಕ್ಷೆಗೆ ಎರಡು ವರ್ಷ ಮುಂಚೆ ಆ ವರ್ಷದ ಮಾಹಿತಿ ಪುಸ್ತಕವನ್ನು ಅಳಿಯಂದಿರು ಕೂತು ಓದಲಿ.

ಇನ್ನು ಕಲಿಸುವ ಮಾತು. ಒಂಬತ್ತರ ಹುಡುಗ, ಆರರ ಹುಡುಗಿ, ಒಬ್ಬಳೇ ತಾಯಿ, ಗ್ಯಾಸಿನ ಮೇಲೆ ಕುಕ್ಕರು: ಇದನ್ನು ನಿಭಾಯಿಸುವುದು ಹೇಗೆಂದು ಕೇಳಿದ್ದೀ. ಇದಕ್ಕೆ ಉತ್ತರ ಅಮೆರಿಕದಿಂದ ಬರಬೇಕಾಗಿಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಗಿ ಆಮೇಲೆ ನಾಡಿನ ಸರ್ಕಾರಿ ಶಾಲೆಗಳಿಗೆಲ್ಲ ಬಂದ ನಲಿ-ಕಲಿ ಎಂಬ ಕಲಿಕೆಯ ಪದ್ಧತಿಯಲ್ಲಿ ಒಂದರಿಂದ ಮೂರನೆಯ ತರಗತಿಯ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿ ನಾವು ಕಲಿಸುತ್ತಿದ್ದೆವು. ಒಂದು ಗುಂಪಿಗೆ ಶಿಕ್ಷಕಿಯೇ ಬೇಕು, ಒಂದಕ್ಕೆ ಅರ್ಧ ಸಹಾಯ ಸಾಕು, ಒಂದು ಗುಂಪು ಜೊತೆಯ ಮಕ್ಕಳಿಂದ ಕಲಿಯುತ್ತದೆ, ಒಂದು ತಾನೇ ಕಲಿಯುತ್ತದೆ. ತನ್ನ ಪಾಠದ ಕಾರ್ಡು ಮುಗಿಸಿದ ಮಗು ಮುಂದಿನ ಮೆಟ್ಟಿಲಿಗೆ ಹೋಗುತ್ತದೆ. ಪಕ್ಕದವನು ಎಲ್ಲಿದ್ದಾನೆಂಬುದು ಅದಕ್ಕೆ ಸಂಬಂಧಿಸಿದ್ದಲ್ಲ. ನಿನ್ನ ಮನೆಯಲ್ಲೂ ಹಾಗೆಯೇ ಮಾಡು. ಮಗಳಿಗೆ ಅಕ್ಷರ ತಿದ್ದಿಸುವಾಗ ಮಗ ತಾನೇ ಲೆಕ್ಕ ಮಾಡಲಿ; ಅವನಿಗೆ ಭಾಗಾಕಾರ ಹೇಳಿಕೊಡುವಾಗ ಅವಳು ಹುಣಸೆಬೀಜ ಎಣಿಸಲಿ; ದಿನಕ್ಕೆ ಒಂದು ಪಾಠವನ್ನಾದರೂ ಅಣ್ಣನೇ ತಂಗಿಗೆ ಹೇಳಿಕೊಡಲಿ. ತಾನು ಅರ್ಧ ಕಲಿತದ್ದನ್ನು ಇನ್ನೊಬ್ಬರಿಗೆ ಹೇಳಹೋದಾಗಲೇ ಮಗುವಿಗೆ ಎಲ್ಲಿ ತಪ್ಪಿದೆನೆಂದು ತಿಳಿಯುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಶಾಲೆಯ ಆರು ಗಂಟೆಯನ್ನು ಮನೆಗೆ ಎತ್ತಿ ತರಬೇಡ. ಆ ಆರು ಗಂಟೆಯಲ್ಲಿ ಎಷ್ಟು ಹೊತ್ತು ಹಾಜರಿಗೆ, ಸಾಲು ನಿಲ್ಲಿಸುವುದಕ್ಕೆ, ‘ಸುಮ್ಮನಿರ್ರಿ’ ಎನ್ನುವುದಕ್ಕೆ ಹೋಗುತ್ತದೆಂದು ನನಗೆ ಗೊತ್ತು. ಕ್ರೈಸ್ತ ಮನೆಶಿಕ್ಷಣದವರು ಇಂದಿಗೂ ನೆನೆಯುವ ಷಾರ್ಲಟ್ ಮೇಸನ್ ಎಂಬ ಇಂಗ್ಲೆಂಡಿನ ಶಿಕ್ಷಕಿ, 1842ರಲ್ಲಿ ಹುಟ್ಟಿ 1923ರಲ್ಲಿ ತೀರಿಕೊಂಡವರು, ಎಂಟು ವರ್ಷದೊಳಗಿನ ಮಗುವಿಗೆ ಒಂದು ಪಾಠ ಇಪ್ಪತ್ತು ನಿಮಿಷ ಮೀರಬಾರದೆಂದರು. ಓದಿಸಿದ ಮೇಲೆ ಪ್ರಶ್ನೆ ಕೇಳದೆ, ಕೇಳಿದ್ದನ್ನು ಮಗುವಿನ ಬಾಯಿಂದಲೇ ಹೇಳಿಸಬೇಕೆಂದರು. ನನಗೆ ಇದನ್ನು ಓದಿ ನಗು ಬಂತು. ಭಾನುವಾರ ಆರಾಧನೆ ಮುಗಿಸಿ ಬಂದು ಊಟಕ್ಕೆ ಕೂತಾಗ ನಿನ್ನ ಅಜ್ಜ, ‘ಇವತ್ತು ಸಭಾಪಾಲಕರು ಏನು ಹೇಳಿದರು, ಒಬ್ಬೊಬ್ಬರೇ ಹೇಳಿರಿ’ ಎನ್ನುತ್ತಿದ್ದರು. ಹೇಳಲಾಗದವರ ತಟ್ಟೆಗೆ ಪಾಯಸ ಕಡೆಗೆ ಬೀಳುತ್ತಿತ್ತು. ನಿನ್ನ ಅವ್ವನ ತಟ್ಟೆಗೆ ಯಾವಾಗಲೂ ಮೊದಲು.

ಪಠ್ಯದ ಪೆಟ್ಟಿಗೆಯೊಂದನ್ನು ಅಮೆರಿಕದಿಂದ ತರಿಸುತ್ತೇವೆಂದು ಬರೆದಿದ್ದೀ. ತರಿಸಿದರೆ ತರಿಸು. ಆದರೆ ಅದರಲ್ಲಿ ಅಳತೆ ಇಂಚು-ಪೌಂಡಿನಲ್ಲಿ, ದುಡ್ಡು ಡಾಲರಿನಲ್ಲಿ, ಚಳಿಗಾಲದಲ್ಲಿ ಹಿಮ, ಇತಿಹಾಸವೆಂದರೆ ಅವರ ಇತಿಹಾಸ. ಆ ಪುಸ್ತಕಗಳನ್ನೇ ನಂಬಿದ ಮಗುವಿಗೆ ಹದಿನಾಲ್ಕರಲ್ಲಿ ಎನ್‌ಐಒಎಸ್‌ನ ಸಮಾಜವಿಜ್ಞಾನ ಪರದೇಶದ ಪಾಠವಾಗಿ ಕಾಣುತ್ತದೆ. ಎನ್‌ಸಿಇಆರ್‌ಟಿಯ ಪುಸ್ತಕಗಳೂ ನಮ್ಮ ರಾಜ್ಯದ ಪಠ್ಯಪುಸ್ತಕಗಳೂ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ. ಬೆನ್ನೆಲುಬಿಗೆ ಅವು ಇರಲಿ.

ಕನ್ನಡವನ್ನು ಮಾತ್ರ ಬಿಡಬೇಡ. ಕಿಟ್ಟೆಲ್ ಎಂಬ ಜರ್ಮನಿಯವರು ಈ ನಾಡಿಗೆ ಬಂದು ಕನ್ನಡ ಕಲಿತು 1894ರಲ್ಲಿ ನಿಘಂಟು ಹೊರತಂದರು. ಅವರು ಓಡಾಡಿದ ಊರಿನ ಮೊಮ್ಮಗ ನನ್ನ ಕಾಗದವನ್ನು ಓದಲಾರದೆ ಅವ್ವನ ಕೈಯಲ್ಲಿ ಓದಿಸಿಕೊಳ್ಳುತ್ತಾನೆಂದು ಕೇಳಿದೆ. ದಿನಾ ಬೆಳಿಗ್ಗೆ ಕುಟುಂಬ ಪ್ರಾರ್ಥನೆಯಲ್ಲಿ ಕನ್ನಡ ಸತ್ಯವೇದದ ನಾಲ್ಕು ವಚನಗಳನ್ನು ಅವನೇ ಓದಲಿ, ತಡವರಿಸಿದರೂ ಸರಿ.

ಸತ್ಯವೇದದ ಮಾತು ಬಂತಾದ್ದರಿಂದ ನನ್ನದೊಂದು ತಪ್ಪನ್ನು ಹೇಳುತ್ತೇನೆ. ಬಹಳ ವರ್ಷಗಳ ಹಿಂದೆ ಸಂಡೇ ಸ್ಕೂಲಿನಲ್ಲಿ ಗಲಾಟೆ ಮಾಡಿದ ಒಬ್ಬ ಹುಡುಗನಿಗೆ ಇಪ್ಪತ್ತಮೂರನೆಯ ಕೀರ್ತನೆಯನ್ನು ಹತ್ತು ಸಲ ಬರೆಯುವ ಶಿಕ್ಷೆ ಕೊಟ್ಟೆ. ಬರೆದ, ಅಕ್ಷರ ಮುತ್ತಿನಂತಿತ್ತು. ಈಗ ಅವನಿಗೆ ಐವತ್ತರ ಹತ್ತಿರ. ಮೊನ್ನೆ ಒಂದು ಮಣ್ಣಿಗೆ ಹೋದಾಗ ಆ ಕೀರ್ತನೆಯನ್ನು ಓದಿದರು. ಪಕ್ಕದಲ್ಲಿ ನಿಂತಿದ್ದ ಅವನು ನನ್ನ ಕಡೆ ತಿರುಗಿ, ‘ಟೀಚರ್, ಇದನ್ನು ಕೇಳಿದರೆ ನನಗೆ ಇಂದಿಗೂ ಬೆರಳು ನೋಯುತ್ತದೆ’ ಎಂದ. ನಗುತ್ತಲೇ ಹೇಳಿದ. ನನಗೆ ನಗಲಾಗಲಿಲ್ಲ. ಆದ್ದರಿಂದ ವಚನ ಬಾಯಿಪಾಠ ಮಾಡಿಸು, ಅಂಕ ಕೊಡಬೇಡ. ಲೆಕ್ಕ ತಪ್ಪಿದ್ದಕ್ಕೆ ದೇವರ ಹೆಸರು ಎತ್ತಬೇಡ. ಮಕ್ಕಳಿಗೆ ಕೋಪ ಬರುವಂತೆ ನಡೆದುಕೊಳ್ಳಬೇಡಿರೆಂದು ಎಫೆಸದವರಿಗೆ ಬರೆದ ಪತ್ರದಲ್ಲಿ ಹೇಳಿರುವುದು ತಂದೆಗಳಿಗೆ. ದಿನವಿಡೀ ಕಲಿಸುವ ತಾಯಿಗೂ ಅದು ಸಲ್ಲುತ್ತದೆ.

ನನ್ನ ಮಗನನ್ನು ಎರಡನೆಯ ತರಗತಿಯಲ್ಲಿ ನನ್ನದೇ ವರ್ಗದಲ್ಲಿ ಕೂರಿಸಿಕೊಂಡಿದ್ದೆ. ಉಳಿದವರಿಗೆ ಪಕ್ಷಪಾತ ಕಾಣಬಾರದೆಂದು ಅವನಿಗೇ ಹೆಚ್ಚು ಗದರಿಸಿದೆ. ದೀಪಾವಳಿ ರಜೆಯ ಹೊತ್ತಿಗೆ ಅವನು ಮನೆಯಲ್ಲಿಯೂ ನನ್ನನ್ನು ‘ಟೀಚರ್’ ಎನ್ನತೊಡಗಿದ. ನನಗೆ ಸಂಜೆ ಐದಕ್ಕೆ ಶಾಲೆಯ ಬೀಗ ಹಾಕಿ ಬರುವ ಅನುಕೂಲವಾದರೂ ಇತ್ತು, ನಿನಗೆ ಅದೂ ಇರುವುದಿಲ್ಲ. ಊಟದ ಹೊತ್ತಿಗೆ ಪುಸ್ತಕ ಮುಚ್ಚಿದರೆ ಮತ್ತೆ ತೆರೆಯಬಾರದು. ಮಧ್ಯಾಹ್ನದ ಮೇಲೆ ನೀನು ಅವ್ವ ಮಾತ್ರ. ಗಣಿತವನ್ನೋ ವಿಜ್ಞಾನವನ್ನೋ ಒಂದನ್ನು ಪೂರ್ತಿಯಾಗಿ ಅಳಿಯಂದಿರು ವಹಿಸಿಕೊಳ್ಳಲಿ. ‘ಪ್ರಾರ್ಥನೆಯಿಂದ ಬೆಂಬಲಿಸುತ್ತಾರೆ’ ಎಂದು ಬರೆದಿದ್ದೀ. ಒಳ್ಳೆಯದು, ಜೊತೆಗೆ ಭಿನ್ನರಾಶಿಯನ್ನೂ ಕಲಿಸಲಿ.

ವಿಜ್ಞಾನದಲ್ಲಿ ಜೀವವಿಕಾಸದ ಪಾಠ ಬಂದಾಗ ಹಾಳೆ ಅಂಟಿಸುವ ಕೆಲಸ ಬೇಡ. ಬಟಾಣಿ ಬಳ್ಳಿಗಳಿಂದ ಅನುವಂಶೀಯತೆಯ ನಿಯಮ ಕಂಡುಹಿಡಿದ ಮೆಂಡೆಲ್ ಮಠದ ಸನ್ಯಾಸಿ. ವಿಜ್ಞಾನಿಗಳು ಹೇಳುವುದನ್ನು ಸರಿಯಾಗಿ ಕಲಿಸಿ, ನಿಮ್ಮ ನಂಬಿಕೆಯನ್ನು ನಿಮ್ಮ ನಂಬಿಕೆಯೆಂದು ಹೇಳಿರಿ. ಅವ್ವ ತನ್ನಿಂದ ಏನೋ ಬಚ್ಚಿಟ್ಟಳೆಂದು ಇಪ್ಪತ್ತರಲ್ಲಿ ತಿಳಿದ ಮಗ ಉಳಿದ ಮಾತುಗಳನ್ನೂ ಅನುಮಾನಿಸುತ್ತಾನೆ.

ಸಂಗಡಿಗರ ವಿಷಯದಲ್ಲಿ ನೀನು ಬರೆದದ್ದು ನನಗೆ ಸಾಲದು. ‘ಸಭೆಯ ಮಕ್ಕಳಿದ್ದಾರಲ್ಲ’ ಎಂದಿದ್ದೀ. ಅವರಿರಲಿ. ಹನ್ನೆರಡರ ಯೇಸುವನ್ನು ತಾಯಿತಂದೆ ಮೂರು ದಿನ ಹುಡುಕಿದಾಗ ಅವನು ಸಿಕ್ಕಿದ್ದು ಬೋಧಕರ ನಡುವೆ, ಅವರ ಮಾತು ಕೇಳುತ್ತ, ಪ್ರಶ್ನೆ ಹಾಕುತ್ತ; ತನ್ನ ಮನೆಯವರಲ್ಲದವರಿಂದ ಕಲಿಯುತ್ತ ಕೂತಿದ್ದ ಎಂಬುದನ್ನು ಗಮನಿಸು. ಈಜಿಗೋ ತಬಲಕ್ಕೋ ಹಾಕು. ಎದುರು ಮನೆಯ ಹುಡುಗರೊಂದಿಗೆ ಸಂಜೆ ಕ್ರಿಕೆಟ್ ಆಡಲಿ, ಅವರ ಹಬ್ಬಕ್ಕೆ ಹೋಗಿ ಕಡುಬು ತಿಂದು ಬರಲಿ. ಈ ಊರಿನಲ್ಲಿ ನಾವು ಕೆಲವೇ ಮನೆಗಳವರು, ನೆರೆಯವರ ನಡುವೆ ಬದುಕಿದವರು. ವರ್ಷಕ್ಕೊಮ್ಮೆ ನಿಮ್ಮ ಸಭೆಯವರಲ್ಲದ, ನಿಮ್ಮ ಮಾತಿಗೆ ಹೂಂ ಎನ್ನದ ಒಬ್ಬ ಒಳ್ಳೆಯ ಶಿಕ್ಷಕರ ಮುಂದೆ ಮಕ್ಕಳನ್ನು ಕೂರಿಸಿ ಓದಿಸು, ಲೆಕ್ಕ ಮಾಡಿಸು. ಅವರು ಹೇಳಿದ್ದನ್ನು ಬರೆದಿಟ್ಟುಕೋ, ಕಹಿಯಾಗಿದ್ದರೂ. ಮತ್ತು ಮಗನನ್ನು ಪ್ರತಿ ಮಾರ್ಚಿನಲ್ಲಿ ಕೇಳು: ಮುಂದಿನ ವರ್ಷ ಮನೆಯೋ ಶಾಲೆಯೋ? ಕೇಳುವುದಾದರೆ ಉತ್ತರ ಯಾವುದಾದರೂ ಸರಿಯೆಂಬ ಮನಸ್ಸಿನಿಂದ ಕೇಳು.

ಮೇ ಕೊನೆಯ ವಾರ ನಾನು ಬೆಂಗಳೂರಿಗೆ ಬರುತ್ತೇನೆ. ನನ್ನ ಹಳೆಯ ನಲಿ-ಕಲಿ ಕಾರ್ಡುಗಳು ಅಟ್ಟದ ಮೇಲಿನ ಟ್ರಂಕಿನಲ್ಲಿವೆ, ಗೆದ್ದಲು ಹಿಡಿಯದಿದ್ದರೆ ತರುತ್ತೇನೆ. ಜೋಳದ ಹಿಟ್ಟು, ಶೇಂಗಾ ಚಟ್ನಿಪುಡಿಯೂ ಬರುತ್ತವೆ. ನನಗೆ ಕೆಳಗಿನ ಕೋಣೆಯೇ ಇರಲಿ, ಮೆಟ್ಟಿಲು ಹತ್ತಲಾಗದು. ಅಷ್ಟರೊಳಗೆ ಈ ಕಾಗದಕ್ಕೆ ಉತ್ತರವನ್ನು ನೀನು ಬರೆಯಬೇಡ, ಮಗನ ಕೈಯಲ್ಲಿ ಕನ್ನಡದಲ್ಲಿ ಬರೆಯಿಸು. ತಪ್ಪುಗಳನ್ನು ತಿದ್ದದೆ ಕಳಿಸು.

ಇತಿ ನಿನ್ನ
ದೊಡ್ಡವ್ವ